ಮ.ಸಾ.ಅ. ಪಾಠದಲ್ಲಿ ಕಳೆಯುವ ಲೆಕ್ಕಕ್ಕೂ ಜಾಗವಿರಲಿ

ಬೋಧನಾಭ್ಯಾಸದ ಅವಧಿ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಶಾಲೆಗಳಿಗೆ ನಮ್ಮ ಓಡಾಟ ಶುರುವಾಗುತ್ತದೆ. ಬೆಳಗಿನ ಬಸ್ಸಿಗೆ ಹೋಗುವುದು, ಮೂರೋ ನಾಲ್ಕೋ ಪಾಠ ನೋಡುವುದು, ವೀಕ್ಷಣಾ ನಮೂನೆ ತುಂಬುವುದು, ಸಂಜೆಯ ಬಸ್ಸಿಗೆ ವಾಪಸ್ಸಾಗುವುದು. ಗಣಿತ ಬೋಧನಾ ಪದ್ಧತಿಯ ಉಪನ್ಯಾಸಕನಾಗಿ ನಾನು ಅತಿ ಹೆಚ್ಚು ಸಲ ಕುಳಿತು ನೋಡಿರುವ ಪಾಠಗಳಲ್ಲಿ ಎರಡು ಪೂರ್ಣಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ ಕಂಡುಹಿಡಿಯುವುದೂ ಒಂದು. ಪ್ರಶಿಕ್ಷಣಾರ್ಥಿಗಳಿಗೆ ಇದು ಅಚ್ಚುಮೆಚ್ಚಿನ ಪಾಠ. ಕಾರಣ ಗೊತ್ತಿರುವುದೇ. ಹಂತಗಳು ಸ್ಪಷ್ಟ, ಅಪವರ್ತನ ವೃಕ್ಷದ ಚಾರ್ಟು ಮಾಡುವುದು ಸುಲಭ, ಕಪ್ಪುಹಲಗೆಯ ಕೆಲಸ ಅಂದವಾಗಿ ಕಾಣುತ್ತದೆ, ನಲವತ್ತು ನಿಮಿಷಕ್ಕೆ ಸರಿಯಾಗಿ ಮುಗಿಯುತ್ತದೆ.

ಮುಗಿಯುವುದೇನೋ ಮುಗಿಯುತ್ತದೆ. ಮಕ್ಕಳಿಗೆ ಏನು ಸಿಕ್ಕಿತು ಎಂಬ ಬಗ್ಗೆ ನನಗೆ ಕೆಲವು ವರ್ಷಗಳಿಂದ ಅನುಮಾನವಿತ್ತು. ಆ ಅನುಮಾನವನ್ನು ಗಟ್ಟಿ ಮಾಡಿದ್ದು ನಾನೇ ಮಾಡಿದ ಒಂದು ತಪ್ಪು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೋಧನಾಭ್ಯಾಸಕ್ಕೆ ಹೊರಡಲಿರುವವರಿಗೂ, ಅವರ ಹಿಂದಿನ ಬೆಂಚಿನಲ್ಲಿ ಕೂರಲಿರುವ ನನ್ನ ಸಹೋದ್ಯೋಗಿಗಳಿಗೂ ಇದರಿಂದ ಉಪಯೋಗವಾದೀತು ಎಂಬ ನಂಬಿಕೆ ನನ್ನದು.

ಪಿರಿಯಾಪಟ್ಟಣದ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆ. ಆರನೇ ತರಗತಿ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ. ತಯಾರಿ ಚೆನ್ನಾಗಿತ್ತು. ಪೂರ್ವಜ್ಞಾನ ಪರೀಕ್ಷೆ, ಉದ್ದೇಶ ಕಥನ, ಚಟುವಟಿಕೆ ಎಲ್ಲ ಕ್ರಮವಾಗಿ ಬಂದವು. ಮೊದಲು ಅಪವರ್ತನಗಳನ್ನು ಪಟ್ಟಿ ಮಾಡುವ ವಿಧಾನ, ಆಮೇಲೆ ಅವಿಭಾಜ್ಯ ಅಪವರ್ತನ ವಿಧಾನ, ಕೊನೆಗೆ ಭಾಗಾಕಾರ ವಿಧಾನ. ಬಳಿಕ ಅನ್ವಯ ಎಂದು ಅವರು ಬರೆದದ್ದು ಎನ್‌ಸಿಇಆರ್‌ಟಿಯ ಆರನೇ ತರಗತಿ ಪುಸ್ತಕದಿಂದ ನಮಗೆಲ್ಲ ಪರಿಚಿತವಾದ ಸೀಮೆಎಣ್ಣೆ ಲೆಕ್ಕ. ಎರಡು ಟ್ಯಾಂಕರುಗಳಲ್ಲಿ 850 ಲೀಟರ್ ಮತ್ತು 680 ಲೀಟರ್ ಸೀಮೆಎಣ್ಣೆ ಇದೆ. ಎರಡನ್ನೂ ಉಳಿಕೆಯಿಲ್ಲದೆ ಅಳೆಯಬಲ್ಲ ಅತಿ ದೊಡ್ಡ ಪಾತ್ರೆಯ ಅಳತೆ ಎಷ್ಟು?

ಅವರು ಹಲಗೆಯ ಕಡೆ ತಿರುಗಿ ಲಂಬಗೆರೆ ಎಳೆಯುವಷ್ಟರಲ್ಲಿ ಕಿಟಕಿ ಪಕ್ಕದ ಹುಡುಗನೊಬ್ಬ, "ನೂರೆಪ್ಪತ್ತು ಮಿಸ್" ಎಂದ.

"ಹೇಗೆ ಬಂತು?"

"ದೊಡ್ಡುದ್ರಲ್ಲಿ ಚಿಕ್ಕುದ್ನ ಕಳುದ್ರೆ ಬತ್ತದೆ ಮಿಸ್."

ಒಂದಿಬ್ಬರು ನಕ್ಕರು. ಪ್ರಶಿಕ್ಷಣಾರ್ಥಿ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಮೃದುವಾಗಿಯೇ, "ಉತ್ತರ ಸರಿಯಿರಬಹುದು, ಆದರೆ ಕಳೆಯುವ ವಿಧಾನ ಇಲ್ಲಿ ಬರುವುದಿಲ್ಲ. ಅವಿಭಾಜ್ಯ ಅಪವರ್ತನ ಮಾಡಿಯೇ ತೆಗೆಯಬೇಕು" ಎಂದರು. ಹುಡುಗ ಕುಳಿತ. ಹಲಗೆಯ ಮೇಲೆ 850 ಎಂದರೆ 2 × 5 × 5 × 17, 680 ಎಂದರೆ 2 × 2 × 2 × 5 × 17, ಸಾಮಾನ್ಯವಾದವು 2, 5, 17, ಗುಣಲಬ್ಧ 170 ಎಂದು ಬಂತು. ಮಕ್ಕಳು ಬರೆದುಕೊಂಡರು. ನಾನು ನಮೂನೆಯ ಷರಾ ಜಾಗದಲ್ಲಿ, "ವಿದ್ಯಾರ್ಥಿಯ ತಪ್ಪು ವಿಧಾನವನ್ನು ಸಮಾಧಾನದಿಂದ ತಿದ್ದಿದ್ದಾರೆ" ಎಂದು ಬರೆದು, ಆ ಅಂಶಕ್ಕೆ ಪೂರ್ಣ ಅಂಕ ಕೊಟ್ಟೆ.

ಸಂಜೆ ಹುಣಸೂರಿನ ಬಸ್ಸಿನಲ್ಲಿ ಕುಳಿತಾಗ 850 ಮತ್ತು 680 ಮತ್ತೆ ತಲೆಗೆ ಬಂದವು. ಹುಡುಗನ ಉತ್ತರ ಆಕಸ್ಮಿಕವೇ ಎಂದು ನೋಡೋಣವೆಂದು ನಮೂನೆಯ ಹಿಂಬದಿಯಲ್ಲೇ ಬರೆಯತೊಡಗಿದೆ. ಎರಡು ಸಾಲು ಬರೆಯುವಷ್ಟರಲ್ಲಿ ಗೊತ್ತಾಯಿತು. ಹುಡುಗ ಹೇಳಿದ್ದು ತಪ್ಪು ವಿಧಾನವಲ್ಲ, ಅರ್ಧ ಹೇಳಿದ ಸರಿಯಾದ ವಿಧಾನ. ಅದನ್ನು ಪೂರ್ಣ ಮಾಡಿಸುವುದು ನಮ್ಮ ಕೆಲಸವಾಗಿತ್ತು. ನಾವಿಬ್ಬರೂ ಸೇರಿ ಅದನ್ನು ಅಳಿಸಿದೆವು.

ಇಲ್ಲಿನ ಗಣಿತ ಕಷ್ಟದ್ದಲ್ಲ. ಒಂದು ಪಾತ್ರೆ 680 ಲೀಟರನ್ನು ಉಳಿಕೆಯಿಲ್ಲದೆ ಅಳೆಯುತ್ತದೆ, 850 ಲೀಟರನ್ನೂ ಅಳೆಯುತ್ತದೆ ಎಂದುಕೊಳ್ಳೋಣ. 850ರಲ್ಲಿ 680ರಷ್ಟನ್ನು ಅದೇ ಪಾತ್ರೆಯಿಂದ ಅಳೆದು ತೆಗೆದ ಮೇಲೆ ಉಳಿಯುವ 170 ಲೀಟರನ್ನೂ ಅದು ಪೂರ್ತಿ ಅಳೆಯಲೇಬೇಕು. ಅಂದರೆ ಎರಡು ಸಂಖ್ಯೆಗಳ ಸಾಮಾನ್ಯ ಅಪವರ್ತನ ಯಾವುದೇ ಇರಲಿ, ಅದು ಅವುಗಳ ವ್ಯತ್ಯಾಸದ ಅಪವರ್ತನವೂ ಹೌದು. ತಿರುಗಿಸಿ ಹೇಳಿದರೂ ನಿಜ. 680ನ್ನೂ 170ನ್ನೂ ಅಳೆಯುವ ಪಾತ್ರೆ, ಅವೆರಡನ್ನು ಕೂಡಿದ 850ನ್ನೂ ಅಳೆಯುತ್ತದೆ. ಹಾಗಾಗಿ 850, 680 ಎಂಬ ಜೋಡಿಯ ಬದಲು 680, 170 ಎಂಬ ಚಿಕ್ಕ ಜೋಡಿಯನ್ನು ಇಟ್ಟುಕೊಂಡರೆ ಮ.ಸಾ.ಅ. ಬದಲಾಗುವುದಿಲ್ಲ. 680ರಲ್ಲಿ 170 ನಾಲ್ಕು ಸಲ ಸರಿಯಾಗಿ ಹೋಗುತ್ತದೆ. ಅಲ್ಲಿಗೆ ಉತ್ತರ 170.

ಒಂದೇ ಸಲ ಕಳೆದರೆ ಯಾವಾಗಲೂ ಉತ್ತರ ಸಿಗುತ್ತದೆಯೇ? ಇಲ್ಲ. 36 ಮತ್ತು 20 ತೆಗೆದುಕೊಳ್ಳಿ. ಕಳೆದರೆ 16. ಆದರೆ 16 ಎಂಬುದು 20ನ್ನು ಶೇಷವಿಲ್ಲದೆ ಭಾಗಿಸುವುದಿಲ್ಲ. ಆಗ 20 ಮತ್ತು 16ನ್ನು ಇಟ್ಟುಕೊಂಡು ಮತ್ತೆ ಕಳೆಯಬೇಕು. ಸಿಗುವುದು 4. 16ನ್ನು 4 ಸರಿಯಾಗಿ ಭಾಗಿಸುತ್ತದೆ. ಉತ್ತರ 4. ಆ ಹುಡುಗನನ್ನು ಅಂದು ಕೇಳಬೇಕಾಗಿದ್ದ ಪ್ರಶ್ನೆಗಳು ಎರಡೇ. ನಿನ್ನ 170 ಎರಡನ್ನೂ ಸರಿಯಾಗಿ ಅಳೆಯುತ್ತದೆಯೇ, ನೋಡಿ ಹೇಳು. 36ಕ್ಕೂ 20ಕ್ಕೂ ಹೀಗೇ ಆಗುತ್ತದೆಯೇ, ಮಾಡಿ ನೋಡು. ಈ ಎರಡು ಪ್ರಶ್ನೆಗೆ ಐದು ನಿಮಿಷ ಸಾಕಿತ್ತು.

ಇದು ನನ್ನ ಹೊಸ ಕಂಡುಹಿಡಿಕೆಯೇನಲ್ಲ. ಕ್ರಿಸ್ತಪೂರ್ವ 300ರ ಆಸುಪಾಸಿನ ಯೂಕ್ಲಿಡ್ ತನ್ನ ಗ್ರಂಥದ ಏಳನೇ ಭಾಗದಲ್ಲಿ ಮ.ಸಾ.ಅ. ಕಂಡುಹಿಡಿಯುವುದನ್ನು ಹೇಳಿರುವುದು ದೊಡ್ಡದರಿಂದ ಚಿಕ್ಕದನ್ನು ಮತ್ತೆ ಮತ್ತೆ ಕಳೆಯುವ ಮೂಲಕವೇ. ಚೀನಾದ 'ಒಂಬತ್ತು ಅಧ್ಯಾಯಗಳು' ಎಂಬ ಪ್ರಾಚೀನ ಗಣಿತ ಗ್ರಂಥದಲ್ಲಿ ಭಿನ್ನರಾಶಿಯನ್ನು ಸಂಕ್ಷೇಪಿಸಲು ಇದೇ ಕ್ರಮವಿದೆ. ಅಲ್ಲಿ ಬರುವ ಒಂದು ಲೆಕ್ಕ 91ರಲ್ಲಿ 49 ಭಾಗ, ಅಂದರೆ 49/91. ಇದನ್ನು ನಮ್ಮ ಆರನೇ ತರಗತಿಗೆ ಕೊಟ್ಟು ನೋಡಿ. 91ನ್ನು ಅವಿಭಾಜ್ಯ ಸಂಖ್ಯೆ ಎಂದು ಬಹಳ ಮಕ್ಕಳು ಬಿಟ್ಟುಬಿಡುತ್ತಾರೆ. 2ರಿಂದ ಹೋಗುವುದಿಲ್ಲ, 3ರಿಂದ ಹೋಗುವುದಿಲ್ಲ, 5ರಿಂದ ಹೋಗುವುದಿಲ್ಲ, ಅಲ್ಲಿಗೆ ಮುಗಿಯಿತು. ಕಳೆದು ನೋಡಿದರೆ 91ರಿಂದ 49 ಹೋಗಿ 42. 49ರಿಂದ 42 ಹೋಗಿ 7. 42ರಲ್ಲಿ 7 ಆರು ಸಲ. ಮ.ಸಾ.ಅ. 7, ಭಿನ್ನರಾಶಿ 7/13. ಮಗುವಿಗೆ ಬೇಕಾದದ್ದು ಎರಡು ಕಳೆಯುವ ಲೆಕ್ಕ ಮತ್ತು ಏಳರ ಮಗ್ಗಿ.

ನಮ್ಮಲ್ಲೂ ಇದಕ್ಕೆ ದೊಡ್ಡ ಪರಂಪರೆಯಿದೆ. 499ರ ಆರ್ಯಭಟೀಯದಲ್ಲಿ ಎರಡು ಸಂಖ್ಯೆಗಳನ್ನು ಒಂದರಿಂದೊಂದು ಭಾಗಿಸುತ್ತಾ ಶೇಷವನ್ನು ಚಿಕ್ಕದು ಮಾಡಿಕೊಂಡು ಹೋಗುವ ಕ್ರಮವಿದೆ. ಮುಂದಿನವರು ಅದನ್ನು ಕುಟ್ಟಕ ಎಂದು ಕರೆದರು. ಒನಕೆಯಲ್ಲಿ ಕುಟ್ಟಿ ಕುಟ್ಟಿ ಸಣ್ಣಗೆ ಮಾಡುವುದನ್ನು ಬಲ್ಲ ಮನೆಯ ಮಕ್ಕಳಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಲ.ಸಾ.ಅ.ಗೆ ನಿರುದ್ಧ ಎಂಬ ಹೆಸರಿದೆ. ಛೇದಗಳ ಸಾಮಾನ್ಯ ಅಪವರ್ತನಗಳನ್ನು ತೆಗೆದು, ಅವುಗಳನ್ನೂ ಕೊನೆಗೆ ಉಳಿದ ಭಾಗಲಬ್ಧಗಳನ್ನೂ ಗುಣಿಸುವುದು ಅಲ್ಲಿನ ಕ್ರಮ. ನಾವು ಇಂದು ಹಲಗೆಯ ಮೇಲೆ ಗೆರೆ ಎಳೆದು ಮಾಡುವ ಲೆಕ್ಕವೂ ಇದರ ಹತ್ತಿರದ ನಂಟನೇ. ಇದನ್ನೆಲ್ಲ ಮಕ್ಕಳಿಗೆ ಹೇಳಲೇಬೇಕು ಎಂದಲ್ಲ. ಶಿಕ್ಷಕರಿಗೆ ಗೊತ್ತಿದ್ದರೆ, ಕಳೆಯುತ್ತೇನೆ ಎಂದ ಮಗುವನ್ನು ಕೂರಿಸುವ ಮುಂಚೆ ಒಂದು ಕ್ಷಣ ತಡೆಯುತ್ತಾರೆ. ಎನ್‌ಸಿಇಆರ್‌ಟಿ 2022–23ರ ಪರಿಷ್ಕರಣೆಯಲ್ಲಿ ತನ್ನ ಹತ್ತನೇ ತರಗತಿ ಪುಸ್ತಕದಿಂದ ಯೂಕ್ಲಿಡ್‌ನ ಭಾಗಾಕಾರದ ಭಾಗವನ್ನು ಕೈಬಿಟ್ಟಿದೆ. ಹಾಗಾಗಿ ನಾಳೆ ನಮ್ಮಲ್ಲಿಗೆ ಬರುವ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಇದನ್ನು ವಿದ್ಯಾರ್ಥಿಯಾಗಿ ಓದಿಯೇ ಇರಲಾರರು. ಇದನ್ನು ಹೇಳಿಕೊಡುವ ಹೊಣೆ ಇನ್ನು ನಮ್ಮ ಮೇಲೆಯೇ ಬೀಳುತ್ತದೆ.

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ಒಂದೇ ಅವಧಿಯಲ್ಲಿ ಮೂರು ವಿಧಾನ ಹೇಳುವ ಪಾಠ ಯೋಜನೆಯನ್ನು ನಾವು ಮೆಚ್ಚುವುದು ನಿಲ್ಲಬೇಕು. ಮೊದಲ ಅವಧಿ ಪೂರ್ತಿ, ಮ.ಸಾ.ಅ. ಎಂದರೆ ಏನನ್ನು ಕೇಳುತ್ತಿದೆ ಎಂಬುದಕ್ಕೇ ಮೀಸಲಾಗಲಿ. ಕಳೆದು ಕಳೆದು ಚಿಕ್ಕದು ಮಾಡುವ ದಾರಿ ಅದರ ಜೊತೆಗೇ ಬರಲಿ. ಅವಿಭಾಜ್ಯ ಅಪವರ್ತನ ವಿಧಾನ ಎರಡನೆಯ ಅವಧಿಗೆ ಬರಲಿ.

ಹೀಗೆ ಹೇಳಲು ಕಾರಣಗಳಿವೆ. ಮೊದಲನೆಯದು ಹೆಸರಿನ ತೊಡಕು. ಅಪವರ್ತನ, ಅಪವರ್ತ್ಯ. ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಈ ಎರಡು ಪದಗಳು ಒಂದೇ ಆಗಿ ಕೇಳಿಸುತ್ತವೆ. ಮ.ಸಾ.ಅ., ಲ.ಸಾ.ಅ. ಎರಡರ ಕೊನೆಗೂ ಅದೇ 'ಅ'. ಇನ್ನೂ ಒಂದು ವಿಚಿತ್ರ ಇದೆ. ಮಹತ್ತಮ ಎಂದು ಹೆಸರಿಟ್ಟದ್ದು ಕೊಟ್ಟ ಸಂಖ್ಯೆಗಳಿಗಿಂತ ಚಿಕ್ಕದಾಗಿ, ಹೆಚ್ಚೆಂದರೆ ಅವುಗಳಲ್ಲಿ ಚಿಕ್ಕದಕ್ಕೆ ಸಮನಾಗಿ ಬರುತ್ತದೆ. ಲಘುತಮ ಎಂದು ಹೆಸರಿಟ್ಟದ್ದು ದೊಡ್ಡದಾಗಿ ಬರುತ್ತದೆ. 12 ಮತ್ತು 18ಕ್ಕೆ ಮಹತ್ತಮ 6, ಲಘುತಮ 36. ಹೆಸರನ್ನು ನಂಬಿ ಹೋದ ಮಗು ದಾರಿ ತಪ್ಪುವುದು ಸಹಜ. "ದೊಡ್ಡದು ಕೇಳಿದ್ದಾರೆ, ದೊಡ್ಡದು ಬಂದಿದೆ" ಎಂದು 36 ಬರೆದ ಉತ್ತರ ಪತ್ರಿಕೆಗಳನ್ನು ನಾವೆಲ್ಲ ತಿದ್ದಿದ್ದೇವೆ. ಆ ಮಗು ಲೆಕ್ಕ ತಪ್ಪಿದ್ದಲ್ಲ, ನಮ್ಮ ಮಾತನ್ನು ನಂಬಿದ್ದು. ಎರಡನ್ನೂ ಸರಿಯಾಗಿ ಅಳೆಯುವ ಅಳತೆಗಳು ಯಾವುವು, ಅವುಗಳಲ್ಲಿ ದೊಡ್ಡದು ಯಾವುದು ಎಂದು ಕೈಯಲ್ಲಿ ಮಾಡಿ ನೋಡಿದ ಮೇಲೆ ಹೆಸರು ಬಂದರೆ ಈ ಗೊಂದಲ ಬಹಳಷ್ಟು ತಪ್ಪುತ್ತದೆ.

ಎರಡನೆಯದು, ಅವಿಭಾಜ್ಯ ಅಪವರ್ತನ ವಿಧಾನ ನಾವು ಅಂದುಕೊಂಡಷ್ಟು ಸುಲಭವಲ್ಲ. 24, 36 ಎಂಬಂಥ ಸಂಖ್ಯೆಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ. 221 ಮತ್ತು 323 ಕೊಟ್ಟರೆ ಶಿಕ್ಷಕರೂ ಸ್ವಲ್ಪ ನಿಲ್ಲುತ್ತಾರೆ. ಕಳೆಯುವ ದಾರಿಯಲ್ಲಿ 323ರಿಂದ 221 ಹೋಗಿ 102, 221ರಿಂದ 102 ಹೋಗಿ 119, 119ರಿಂದ 102 ಹೋಗಿ 17. 102ರಲ್ಲಿ 17 ಆರು ಸಲ. ಉತ್ತರ 17. ಮಗ್ಗಿ ಗಟ್ಟಿಯಿಲ್ಲದ, ಆದರೆ ಕಳೆಯಲು ಬರುವ ಮಗುವೂ ಇಲ್ಲಿ ಮುಂದೆ ಹೋಗಬಹುದು. ನಮ್ಮ ಈ ತಾಲ್ಲೂಕುಗಳ ಶಾಲೆಗಳಲ್ಲಿ ಅಂಥ ಮಕ್ಕಳು ಎಷ್ಟಿದ್ದಾರೆ ಎಂಬುದು ಒಂದು ವಾರ ಪಾಠ ಮಾಡಿದವರಿಗೆ ತಿಳಿಯುತ್ತದೆ. ಹೊಗೆಸೊಪ್ಪಿನ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಮನೆಯವರೆಲ್ಲ ಬ್ಯಾರನ್ ಕೆಲಸದಲ್ಲಿದ್ದಾಗ ತರಗತಿಯಲ್ಲಿ ಹಾಜರಿ ಏರುಪೇರಾಗುವುದನ್ನು ನಾನು ನೋಡಿದ್ದೇನೆ. ನಡುವೆ ನಾಲ್ಕು ದಿನ ತಪ್ಪಿಸಿಕೊಂಡ ಮಗುವಿಗೆ ಭಾಜ್ಯತೆಯ ನಿಯಮಗಳು ತಪ್ಪಿಹೋಗಿರುತ್ತವೆ. ಕಳೆಯುವುದು ತಪ್ಪಿಹೋಗಿರುವುದಿಲ್ಲ.

ಮೂರನೆಯದು, ವ್ಯತ್ಯಾಸ ನೋಡುವ ಅಭ್ಯಾಸ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳಲು ಕಲಿಸುತ್ತದೆ. ಎರಡು ಬೇರೆ ಬೇರೆ ಸಂಖ್ಯೆಗಳ ಮ.ಸಾ.ಅ. ಅವುಗಳ ವ್ಯತ್ಯಾಸಕ್ಕಿಂತ ದೊಡ್ಡದಾಗಿರಲು ಸಾಧ್ಯವೇ ಇಲ್ಲ. 48 ಮತ್ತು 60 ಎಂದರೆ ವ್ಯತ್ಯಾಸ 12. ಹಾಗಾಗಿ 12, 6, 4, 3, 2, 1 ಇಷ್ಟನ್ನು ಮಾತ್ರ ಪರೀಕ್ಷಿಸಿದರೆ ಆಯಿತು. ಮೊದಲನೆಯದೇ ಸರಿಹೊಂದುತ್ತದೆ. 48ರ ಎಲ್ಲ ಅಪವರ್ತನ, 60ರ ಎಲ್ಲ ಅಪವರ್ತನ ಎಂದು ಉದ್ದದ ಪಟ್ಟಿ ಬೇಕಿಲ್ಲ. ಅಕ್ಕಪಕ್ಕದ ಸಂಖ್ಯೆಗಳಾದ 35, 36ಕ್ಕೆ ಮ.ಸಾ.ಅ. ಏಕೆ ಯಾವಾಗಲೂ 1 ಎಂಬುದು ಒಂದೇ ಮಾತಿನಲ್ಲಿ ತಿಳಿಯುತ್ತದೆ. ಮಗು ತನ್ನ ಹಾಜರಿ ಸಂಖ್ಯೆ ಮತ್ತು ಪಕ್ಕದವನ ಹಾಜರಿ ಸಂಖ್ಯೆ ಇಟ್ಟುಕೊಂಡು ಇದನ್ನು ಆಡಬಹುದು.

ಇನ್ನು 'ಸ್ಥಳೀಯ ಸನ್ನಿವೇಶ'ದ ಬಗ್ಗೆ ಒಂದು ಮಾತು. ಸೀಮೆಎಣ್ಣೆ ಟ್ಯಾಂಕರ್ ಮಕ್ಕಳ ಅನುಭವಕ್ಕೆ ದೂರ ಎಂದು ನಾವು ಹೇಳಿದ್ದೇ ತಡ, ಮುಂದಿನ ಪಾಠ ಯೋಜನೆಯಲ್ಲಿ ಪಿರಿಯಾಪಟ್ಟಣಕ್ಕೆ ಹೊಗೆಸೊಪ್ಪಿನ ಬೇಲು, ಕೆ.ಆರ್. ನಗರಕ್ಕೆ ಭತ್ತದ ಮೂಟೆ, ಕೋಟೆಗೆ ಹತ್ತಿಯ ಮೂಟೆ ಬಂದುಬಿಡುತ್ತವೆ. ಸಂಖ್ಯೆ ಅದೇ, ಪ್ರಶ್ನೆ ಅದೇ, ವಸ್ತುವಿನ ಹೆಸರು ಮಾತ್ರ ಬೇರೆ. ಭತ್ತ ಅಳೆಯಲು ಯಾರೂ ಮ.ಸಾ.ಅ. ತೆಗೆಯುವುದಿಲ್ಲ ಎಂಬುದು ಭತ್ತ ಬೆಳೆಯುವ ಮನೆಯ ಮಗುವಿಗೆ ನಮಗಿಂತ ಚೆನ್ನಾಗಿ ಗೊತ್ತು. ಹೆಸರು ಬದಲಿಸುವುದಕ್ಕಿಂತ, ಈ ಲೆಕ್ಕ ನಿಜವಾಗಿ ಎಲ್ಲಿ ಬೇಕಾಗುತ್ತದೆ ಎಂದು ಹುಡುಕುವುದು ಒಳ್ಳೆಯದು.

ಹುಡುಕಿದರೆ ಸಿಗುತ್ತದೆ. ಹೊಸ ಮನೆಯ ನೆಲಕ್ಕೆ ಟೈಲ್ಸ್ ಹಾಕುವುದನ್ನು ಈಗ ಪ್ರತಿ ಊರಿನ ಮಕ್ಕಳೂ ನೋಡಿರುತ್ತಾರೆ. 16 ಅಡಿ ಉದ್ದ, 12 ಅಡಿ ಅಗಲದ ಹಜಾರಕ್ಕೆ ಎಲ್ಲೂ ಕತ್ತರಿಸದೆ ಚೌಕದ ಟೈಲ್ಸ್ ಕೂರಿಸಬೇಕು. 1 ಅಡಿಯದು ಆಗುತ್ತದೆ, 2 ಅಡಿಯದು ಆಗುತ್ತದೆ, 4 ಅಡಿಯದೂ ಆಗುತ್ತದೆ. 3 ಅಡಿಯದು ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಉಳಿಯುತ್ತದೆ. ಗಾರೆ ಕೆಲಸದವರು ಇವುಗಳಲ್ಲಿ 2 ಅಡಿಯದನ್ನು ಆರಿಸುತ್ತಾರೆ, ಅಂಗಡಿಯಲ್ಲಿ ಸಿಗುವುದು ಅದು. ಅಂದರೆ ಬದುಕಿಗೆ ಬಹಳ ಸಲ ಸಾಮಾನ್ಯ ಅಪವರ್ತನ ಸಾಕು, ಮಹತ್ತಮವೇ ಬೇಕೆಂದಿಲ್ಲ. ಇದನ್ನು ಮಕ್ಕಳ ಮುಂದೆ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆ, ಹಾಗಾದರೆ ಮಹತ್ತಮ ಏಕೆ ಎಂದು ಅವರನ್ನೇ ಕೇಳಬೇಕು. 4 ಸಿಕ್ಕರೆ ಉಳಿದವೆಲ್ಲ ಸಿಕ್ಕಂತೆ, ಏಕೆಂದರೆ 1, 2, 4 ಎಲ್ಲವೂ 4ರ ಅಪವರ್ತನಗಳೇ. ಭಿನ್ನರಾಶಿಯನ್ನು ಸಂಕ್ಷೇಪಿಸುವಾಗ 12/16ನ್ನು ಒಂದೇ ಏಟಿಗೆ 3/4 ಮಾಡುವುದೂ ಅದೇ 4. ಇದು ಮಕ್ಕಳಿಗೆ ತಿಳಿದರೆ ಮಹತ್ತಮ ಎಂಬ ಪದಕ್ಕೆ ಅರ್ಥ ಬರುತ್ತದೆ.

ಈ ಹಜಾರವನ್ನೇ ಮೊದಲ ಅವಧಿಯ ಬೋಧನೋಪಕರಣ ಮಾಡಿಕೊಳ್ಳಬಹುದು. ಹಳೆಯ ನೋಟ್‌ಬುಕ್ಕಿನ ಚೌಕುಳಿ ಹಾಳೆಯಲ್ಲಿ 16 ಮನೆ ಉದ್ದ, 12 ಮನೆ ಅಗಲದ ಆಯತ ಕತ್ತರಿಸಿ ಇಬ್ಬಿಬ್ಬರಿಗೆ ಒಂದರಂತೆ ಕೊಡಿ. ಇದರಲ್ಲಿ ಸಾಧ್ಯವಾದಷ್ಟು ದೊಡ್ಡ ಚೌಕ ಕತ್ತರಿಸಿ ಎಂದು ಹೇಳಿ. 12ಕ್ಕೆ 12ರ ಚೌಕ ಹೋಗುತ್ತದೆ. ಉಳಿಯುವುದು 12ಕ್ಕೆ 4ರ ಪಟ್ಟಿ. ಅದರಲ್ಲಿ ಮತ್ತೆ ದೊಡ್ಡ ಚೌಕ ಕತ್ತರಿಸಿ. 4ಕ್ಕೆ 4ರ ಮೂರು ಚೌಕ ಬಂದು ಕಾಗದ ಮುಗಿಯುತ್ತದೆ. ಕೊನೆಯ ಚೌಕದ ಅಳತೆ 4. ಆ ಅಳತೆಯ ಚೌಕಗಳು ಮೊದಲಿನ ಇಡೀ ಆಯತವನ್ನು ತುಂಬುತ್ತವೆಯೇ ಎಂದು ಇನ್ನೊಂದು ಹಾಳೆಯ ಮೇಲೆ ಇಟ್ಟು ನೋಡಲಿ. ಆಮೇಲೆ 10ಕ್ಕೆ 6, 15ಕ್ಕೆ 6, 9ಕ್ಕೆ 8. ಕೊನೆಯದರಲ್ಲಿ 1 ಮನೆಯ ಚೌಕ ಬರುವವರೆಗೂ ಕತ್ತರಿಸಬೇಕಾಗುತ್ತದೆ, ಮಕ್ಕಳು ಗಲಾಟೆ ಮಾಡುತ್ತಾರೆ. ಮಾಡಲಿ. ಸಹ ಅವಿಭಾಜ್ಯ ಸಂಖ್ಯೆ ಎಂದರೇನು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಕತ್ತರಿ ಮತ್ತು ಹಳೆಯ ಹಾಳೆಯ ಹೊರತು ಇದಕ್ಕೆ ಖರ್ಚಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಶಾಲೆಯ ಗಣಿತ ಶಿಕ್ಷಕರು, "ಪರೀಕ್ಷೆಯಲ್ಲಿ ಅವಿಭಾಜ್ಯ ಅಪವರ್ತನ ವಿಧಾನದಿಂದ ಎಂದು ಕೇಳುತ್ತಾರೆ ಸಾರ್, ಕಳೆದು ಬರೆದರೆ ಅಂಕ ಹೋಗುತ್ತದೆ" ಎನ್ನುತ್ತಾರೆ. ಮಾತು ನಿಜ. ವಿಧಾನ ಹೆಸರಿಸಿ ಕೇಳಿದ ಪ್ರಶ್ನೆಗೆ ಆ ವಿಧಾನದಲ್ಲೇ ಬರೆಯಬೇಕು, ಅದನ್ನು ಕಲಿಸಲೇಬೇಕು. ಆ ವಿಧಾನವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಮುಂದೆ ಬೀಜೋಕ್ತಿಗಳ ಅಪವರ್ತನಕ್ಕೆ ಅದೇ ಬುನಾದಿ. ಆದರೆ ವಿಧಾನ ಹೆಸರಿಸದ ಅನ್ವಯ ಪ್ರಶ್ನೆಗೆ, ಕಾರಣ ಕೊಟ್ಟು ಕಳೆದು ಮಾಡಿದ ಉತ್ತರಕ್ಕೆ ಪೂರ್ಣ ಅಂಕ ಸಲ್ಲಬೇಕು. ಇದನ್ನು ನಮ್ಮ ಪ್ರಶಿಕ್ಷಣಾರ್ಥಿಗಳ ಘಟಕ ಪರೀಕ್ಷೆಯ ಮಾದರಿ ಉತ್ತರಗಳಲ್ಲಿ ನಾವೇ ಮೊದಲು ಬರೆಯಬಹುದು.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಕಳೆಯಲು ಹೇಳಿಕೊಟ್ಟರೆ ಮಕ್ಕಳು ಒಂದೇ ಸಲ ಕಳೆದು ಬಂದದ್ದನ್ನೇ ಉತ್ತರ ಎಂದು ಬರೆದಾರು ಎಂಬುದು. ಬರೆಯುತ್ತಾರೆ. ಅದಕ್ಕೇ 36, 20 ಎಂಬ ಜೋಡಿ ಮೊದಲ ದಿನವೇ ಬರಬೇಕು. ಬಂದ ಸಂಖ್ಯೆ ಎರಡನ್ನೂ ಭಾಗಿಸುತ್ತದೆಯೇ ಎಂದು ನೋಡದೆ ಪೆನ್ನು ಕೆಳಗಿಡಬಾರದು ಎಂಬುದು ತರಗತಿಯ ನಿಯಮವಾಗಬೇಕು. ಈ ಪರೀಕ್ಷೆ ಉಳಿದ ವಿಧಾನಗಳಿಗೂ ಬೇಕಾದದ್ದೇ. ಅವಿಭಾಜ್ಯ ಅಪವರ್ತನ ಮಾಡಿದ ಮಕ್ಕಳು ಅದನ್ನು ಮಾಡುತ್ತಾರೆಯೇ? ನಾನು ನೋಡಿದ ಪಾಠಗಳಲ್ಲಿ ಬಹುತೇಕ ಇಲ್ಲ. ಕೊನೆಯ ಗುಣಾಕಾರ ಬಂದ ಕೂಡಲೇ ಕೆಳಗೆ ಎರಡು ಗೆರೆ ಎಳೆದು ಮುಗಿಸುತ್ತಾರೆ.

ಈಗ ನಮ್ಮ ವಿಷಯ. ನಮ್ಮ ವೀಕ್ಷಣಾ ನಮೂನೆಯಲ್ಲಿ ಪೀಠಿಕೆಗೆ ಅಂಕವಿದೆ, ಕಪ್ಪುಹಲಗೆ ಕೆಲಸಕ್ಕೆ ಅಂಕವಿದೆ, ಉಪಕರಣಕ್ಕೆ, ಸಮಯ ಪಾಲನೆಗೆ, ತರಗತಿ ನಿರ್ವಹಣೆಗೆ ಅಂಕವಿದೆ. ಮಗು ಯೋಜನೆಯಲ್ಲಿಲ್ಲದ ಮಾತು ಹೇಳಿದಾಗ ಶಿಕ್ಷಕರು ಏನು ಮಾಡಿದರು ಎಂಬುದಕ್ಕೆ ಅಂಕವಿಲ್ಲ. ಅಂದು ಆ ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದ್ದರಲ್ಲ, ಅದು ಇದಕ್ಕೇ. ಹುಡುಗನ ಮಾತಿನ ಹಿಂದೆ ಹೋದರೆ ಸಮಯ ಮೀರುತ್ತದೆ, ಮೂರನೆಯ ವಿಧಾನ ಉಳಿಯುತ್ತದೆ, ಅಂಕ ಹೋಗುತ್ತದೆ. ಅವರು ತರಗತಿಗೆ ಪಾಠ ಮಾಡುತ್ತಿರಲಿಲ್ಲ, ನನ್ನ ನಮೂನೆಗೆ ಪಾಠ ಮಾಡುತ್ತಿದ್ದರು. ಅದು ಅವರ ತಪ್ಪಲ್ಲ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಗಣಿತ ಶಿಕ್ಷಣದ ಮುಖ್ಯ ಗುರಿಯನ್ನು ಮಗುವಿನ ಯೋಚನೆಯನ್ನು ಗಣಿತೀಯಗೊಳಿಸುವುದು ಎಂದು ಹೇಳುತ್ತದೆ ಎಂದು ನಾವೇ ತರಗತಿಯಲ್ಲಿ ಟಿಪ್ಪಣಿ ಬರೆಸುತ್ತೇವೆ. ಬಸ್ಸು ಹತ್ತಿ ಶಾಲೆಗೆ ಹೋದಾಗ ಬೇರೆಯದಕ್ಕೆ ಅಂಕ ಕೊಟ್ಟು ಬರುತ್ತೇವೆ.

ನಮ್ಮ ನೆಲದಲ್ಲೇ ಇದಕ್ಕಿಂತ ದೊಡ್ಡ ಬದಲಾವಣೆ ಆಗಿದೆ ಎಂಬುದನ್ನು ನೆನೆಯಬೇಕು. ನಲಿಕಲಿ ಶುರುವಾದದ್ದು 1995ರಲ್ಲಿ, ಇದೇ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ನೆರವಿತ್ತು. ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಕುಳಿತು, ಮಗು ತನ್ನ ವೇಗದಲ್ಲಿ ಮುಂದೆ ಹೋಗುವಂತೆ ಕಲಿಕಾ ಕಾರ್ಡುಗಳನ್ನು ಸಿದ್ಧಪಡಿಸಿದರು. ಆಮೇಲೆ ಅದು ರಾಜ್ಯದ ಕಿರಿಯ ತರಗತಿಗಳಿಗೆಲ್ಲ ಹರಡಿತು. ಆ ಪ್ರಯೋಗದ ಒಳಿತು ಕೆಡುಕಿನ ಚರ್ಚೆ ಬೇರೆ. ಹಿಂದುಳಿದ ತಾಲ್ಲೂಕು ಎನಿಸಿಕೊಂಡ ಜಾಗದ ಶಿಕ್ಷಕರು ಪಾಠದ ಕ್ರಮವನ್ನೇ ಬದಲಿಸಿದರು ಎಂಬುದಂತೂ ನಿಜ. ನಾನು ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ವೀಕ್ಷಣಾ ನಮೂನೆಗೆ ಒಂದು ಸಾಲು ಸೇರಿಸಿ: "ಯೋಜನೆಯಲ್ಲಿಲ್ಲದ ಯಾವ ಮಾತನ್ನು ಮಗು ಹೇಳಿತು? ಪ್ರಶಿಕ್ಷಣಾರ್ಥಿ ಅದನ್ನು ಹೇಗೆ ಬಳಸಿಕೊಂಡರು?" ಸಮಯ ಪಾಲನೆಗೆ ಎಷ್ಟು ಅಂಕವೋ ಇದಕ್ಕೂ ಅಷ್ಟೇ ಅಂಕ. ಆ ಜಾಗ ಖಾಲಿ ಉಳಿದರೆ, ಮಕ್ಕಳಿಗೆ ಮಾತನಾಡಲು ಅವಕಾಶ ಸಿಕ್ಕಿತೇ ಎಂದು ಚರ್ಚೆಯ ವೇಳೆ ಕೇಳೋಣ.

ಪ್ರಶಿಕ್ಷಣಾರ್ಥಿ ಮಿತ್ರರಿಗೂ ಒಂದು ಕೋರಿಕೆ. ಪಾಠ ಯೋಜನೆ ಬರೆಯುವಾಗ 'ನಿರೀಕ್ಷಿತ ಉತ್ತರ' ಎಂದು ಒಂದೇ ಉತ್ತರ ಬರೆಯಬೇಡಿ. ಈ ಲೆಕ್ಕಕ್ಕೆ ಮಕ್ಕಳು ಇನ್ನೇನು ಹೇಳಬಹುದು ಎಂದು ಮೂರನ್ನಾದರೂ ಊಹಿಸಿ ಬರೆಯಿರಿ. ಮ.ಸಾ.ಅ.ಗೆ ಕಳೆಯುತ್ತಾರೆ, ಲ.ಸಾ.ಅ. ತೆಗೆಯುತ್ತಾರೆ, ಎರಡರಲ್ಲಿ ಚಿಕ್ಕ ಸಂಖ್ಯೆಯನ್ನೇ ಹೇಳುತ್ತಾರೆ. ಈ ಮೂರಕ್ಕೂ ಒಂದೊಂದು ಮರುಪ್ರಶ್ನೆ ಸಿದ್ಧವಿರಲಿ. ಚಿಕ್ಕ ಸಂಖ್ಯೆಯನ್ನೇ ಹೇಳುವ ಮಗುವೂ ಕೆಲವು ಸಲ ಸರಿ. 8 ಮತ್ತು 24 ಕೊಟ್ಟು ನೋಡಿ.

ಆ ಶಾಲೆಗೆ ನಾನು ಮುಂದಿನ ವಾರ ಮತ್ತೆ ಹೋದೆ. ಪ್ರಶಿಕ್ಷಣಾರ್ಥಿಯನ್ನು ಕರೆದು, "ಅವತ್ತು ತಪ್ಪು ಮಾಡಿದ್ದು ನಾನಮ್ಮ. ನೀವು ಅವನನ್ನು ಕೂರಿಸಿದಿರಿ, ನಾನು ಅದಕ್ಕೆ ಅಂಕ ಕೊಟ್ಟೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಅನುಮಾನ ಬಂದಿತ್ತು ಸಾರ್. ನಮ್ಮಪ್ಪ ಹೀಗೇ ಕಳೆದು ಕಳೆದು ಲೆಕ್ಕ ಮಾಡೋರು. ಆದರೆ ನೀವು ಇದ್ದಿರಲ್ಲ" ಎಂದರು. ಇಬ್ಬರೂ ಕುಳಿತು ಕಾಗದ ಕತ್ತರಿಸುವ ಪಾಠವನ್ನು ಯೋಜಿಸಿದೆವು. ಅವರು ಅದನ್ನು ಮಾಡಿದರು, ಸಮಯ ಮೀರಿತು, ಮೂಲೆಯಲ್ಲಿ ಕಾಗದದ ಚೂರುಗಳ ರಾಶಿಯಾಯಿತು. 36, 20ಕ್ಕೆ ಬಂದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಹದಿನಾರು ಆಗಲ್ಲ ಮಿಸ್, ಇನ್ನೊಂದ್ಸಲ ಕಳೀಬೇಕು" ಎಂದಳು.

ಕಿಟಕಿ ಪಕ್ಕದ ಹುಡುಗ ಆ ದಿನ ಬಂದಿರಲಿಲ್ಲ. ಮನೆಯಲ್ಲಿ ಹೊಗೆಸೊಪ್ಪು ಇಳಿಸುತ್ತಿದ್ದಾರೆ ಎಂದು ಪಕ್ಕದವನು ಹೇಳಿದ. ಅವನು ಬಂದ ಮೇಲೆ ಅವನಿಂದಲೇ ಹಲಗೆಯ ಮೇಲೆ ಆ ಲೆಕ್ಕ ಬರೆಸಿ ಎಂದು ತರಗತಿಯ ಶಿಕ್ಷಕರಿಗೆ ಹೇಳಿಬಂದಿದ್ದೇನೆ. ಅಷ್ಟರಲ್ಲಿ ನಮ್ಮ ಬೋಧನಾಭ್ಯಾಸದ ಅವಧಿ ಮುಗಿದಿತ್ತು. ನನ್ನ ಷರಾ ಇರುವ ಆ ನಮೂನೆ ಕಾಲೇಜಿನ ಕಡತದಲ್ಲಿ ಹಾಗೆಯೇ ಇದೆ. ಅದರ ಹಿಂಬದಿಯಲ್ಲಿ ಬಸ್ಸಿನ ಕುಲುಕಾಟಕ್ಕೆ ಸೊಟ್ಟಗಾದ ಅಕ್ಷರದಲ್ಲಿ 850, 680, 170 ಎಂದು ಬರೆದಿದೆ. ಮುಂದಿನ ಸಾಲಿನ ನಮೂನೆ ಅಚ್ಚಿಗೆ ಹೋಗುವ ಮುಂಚೆ ಸಹೋದ್ಯೋಗಿಗಳು ಅದರ ಎರಡೂ ಬದಿಯನ್ನು ನೋಡಲಿ ಎಂದು ಕೋರುತ್ತೇನೆ.